ಮಟನ್ ಅಂಗಡಿಯಿಂದ ಎಸ್‌ಪಿ ರೋಡ್ ತನಕ: ಫಿಸಿಯಾಲಾಜಿಕಲ್ ಸೈಕಾಲಜಿ ಪ್ರಾಕ್ಟಿಕಲ್ಸ್ ಪ್ಲಾನ್ ಮಾಡೋದು ಹೇಗೆ

ಸೆಮಿಸ್ಟರ್ ಶುರುವಾಗೋಕೆ ಹದಿನೈದು ದಿನ ಇದೆ ಅನ್ನೋವಾಗ ಎಚ್‌ಓಡಿ ಕರೆದು "ಈ ಸಲ ಫಿಸಿಯಾಲಾಜಿಕಲ್ ಸೈಕಾಲಜಿ ನೀವೇ ತಗೊಂಡ್ಬಿಡಿ, ಪ್ರಾಕ್ಟಿಕಲ್ಸೂ ನಿಮ್ದೇ" ಅಂತಾರೆ. ಮೆದುಳು, ನರಕ್ಕೂ ಮನಸ್ಸಿಗೂ ಇರೋ ನಂಟಿನ ಪೇಪರ್ ಅದು. ಹೂಂ ಅಂದು ಆಚೆ ಬಂದು ಲ್ಯಾಬ್ ಬೀರು ತೆಗೆದ್ರೆ ಒಳಗಡೆ ಒಂದು ಮಿರರ್ ಡ್ರಾಯಿಂಗ್ ಬೋರ್ಡು (ಕೈ ನೋಡದೆ ಕನ್ನಡೀಲಿ ನೋಡ್ಕೊಂಡೇ ನಕ್ಷತ್ರ ಬರೆಯೋದು), ಗೆರೆ ಉದ್ದದಲ್ಲಿ ಕಣ್ಣಿಗೆ ಮೋಸ ಮಾಡೋ ಎರಡು ಮುಲ್ಲರ್-ಲೈಯರ್ ಪಟ್ಟಿ, ಸೆಲ್ಲು ಲೀಕಾಗಿ ಹಸಿರು ಕಟ್ಟಿರೋ ರಿಯಾಕ್ಷನ್ ಟೈಮ್ ಡಬ್ಬ, ಸೆರೆಬೆಲ್ಲಮ್ (ಹಿಂದ್ಗಡೆಯ ಕಿರುಮೆದುಳು) ಕಳ್ಕೊಂಡಿರೋ ಪ್ಲಾಸ್ಟಿಕ್ ಮೆದುಳು. ಅಟೆಂಡರ್ ಅಣ್ಣ ಹಿಂದೆ ನಿಂತು "ಇಷ್ಟೇ ಮೇಡಂ, ಇಷ್ಟ್ರಲ್ಲೇ ನಡೀತಿದೆ" ಅಂತಾರೆ. ನನ್ ಕತೆ ಶುರುವಾಗಿದ್ದೂ ಹಿಂಗೇ, ಬೆಂಗಳೂರಿನ ಒಂದು ಡಿಗ್ರಿ ಕಾಲೇಜಲ್ಲಿ, ಒಂದು ಬ್ಯಾಚಿಗೆ 40 ಜನ, ಅದ್ರಲ್ಲಿ ಮುಕ್ಕಾಲು ಪಾಲು ಪಿಯುಸಿಲಿ ಆರ್ಟ್ಸೋ ಕಾಮರ್ಸೋ ಮಾಡ್ಕೊಂಡು ಬಂದೋರು, ನ್ಯೂರಾನ್ (ನರಕೋಶ) ಅಂದ್ರೆ ಹೆದರೋರು.

ನಾಲ್ಕೈದು ಸೆಮಿಸ್ಟರ್ ಎಡವಿ ಎಡವಿ ನಾನು ಕಲ್ತಿದ್ದು ಒಂದೇ ವಿಷ್ಯ: ಬೀರು ನೋಡ್ಕೊಂಡು ಪ್ಲಾನ್ ಮಾಡ್ಬೇಡಿ, ಸ್ಟೂಡೆಂಟ್ ಮೈ ನೋಡ್ಕೊಂಡು ಮಾಡಿ. ಪ್ರತಿ ಲ್ಯಾಬ್ ಮುಗಿಯೋ ಹೊತ್ತಿಗೆ ಆ ಹುಡುಗಿ ಕೈಯಲ್ಲಿ ಅವಳದೇ ಮೈಯಿಂದ ಬಂದ ಒಂದು ನಂಬರ್ ಇರ್ಬೇಕು, ಸೀನಿಯರ್ ರೆಕಾರ್ಡ್ ಬುಕ್ಕಿಂದ ಕಾಪಿ ಹೊಡೆಯೋಕೆ ಆಗ್ದೇ ಇರೋ ನಂಬರ್. ಅದಿಲ್ಲ ಅಂದ್ರೆ ಆ ಲ್ಯಾಬನ್ನ ಪಟ್ಟಿಯಿಂದ ತೆಗೆದ್ಹಾಕಿ.

ಮೊದಲು ಕ್ಯಾಲೆಂಡರ್ ತಗೊಂಡು ಕೂತ್ಕೊಳ್ಳಿ

ಸೆಮಿಸ್ಟರ್ ಅಂದ್ರೆ ಪೇಪರ್ ಮೇಲೆ 16 ವಾರ. ಗಣೇಶ, ದಸರಾ, ದೀಪಾವಳಿ, ಎರಡು ಇಂಟರ್ನಲ್ಸು, ಕಾಲೇಜ್ ಫೆಸ್ಟು, ಯಾವ್ದೋ ಒಂದು ಬಂದ್ ಎಲ್ಲಾ ಕಳೀರಿ. ನಿಜವಾಗ್ಲೂ ಲ್ಯಾಬ್ ನಡೆಯೋದು ಒಂಬತ್ತೋ ಹತ್ತೋ ವಾರ. ಅದ್ರಲ್ಲಿ ಆರು ಲ್ಯಾಬ್ ಪಕ್ಕಾ ಇಟ್ಕೊಳ್ಳಿ, ಒಂದು ಸ್ಪೇರು, ಉಳಿದ ವಾರಗಳು ರಿಪೀಟ್ ಮಾಡೋಕೆ, ರೆಕಾರ್ಡ್ ತಿದ್ದೋಕೆ. ನಾನು ಮೊದಲ್ನೇ ವರ್ಷ ಹನ್ನೆರಡು ಹಾಕಿದ್ದೆ, ಎಚ್‌ಓಡಿ ಖುಷಿಯಾದ್ರು, ಅಕ್ಟೋಬರ್ ಬರೋವಷ್ಟರಲ್ಲಿ ನಾನು ಒಂದೇ ದಿನ ಮೂರು ಎಕ್ಸ್‌ಪೆರಿಮೆಂಟ್ ಓಡಿಸ್ತಿದ್ದೆ, ಯಾರಿಗೂ ಒಂದೂ ಅರ್ಥ ಆಗ್ಲಿಲ್ಲ.

ಎರಡು ಗಂಟೆ ಲ್ಯಾಬನ್ನ ಹೀಗೆ ಹಂಚ್ಕೊಳ್ಳಿ: ಹದಿನೈದು ನಿಮಿಷ ನೀವು ಮಾತಾಡೋದು, ಹತ್ತು ನಿಮಿಷ ಒಪ್ಪಿಗೆ ಫಾರ್ಮು, ಒಂದು ಗಂಟೆ ಡೇಟಾ, ಇಪ್ಪತ್ತು ನಿಮಿಷ ಎಲ್ಲರ ನಂಬರೂ ಬೋರ್ಡ್ ಮೇಲೆ, ಉಳಿದಿದ್ದು ಕ್ಲೀನಿಂಗು. ಬೋರ್ಡಿನ ಇಪ್ಪತ್ತು ನಿಮಿಷನ ಮಾತ್ರ ಯಾವತ್ತೂ ಬಿಡ್ಬೇಡಿ. 40 ಜನದ ನಂಬರ್ ಒಟ್ಟಿಗೆ ಕಂಡಾಗ್ಲೇ ಹುಡುಗರಿಗೆ 'ಓ, ಎಲ್ಲರೂ ಒಂದೇ ತರ ಇಲ್ಲ' ಅನ್ನೋದು ಗೊತ್ತಾಗೋದು, ಮತ್ತೆ ಅವತ್ತೇ ಬೋರ್ಡ್ ಫೋಟೋ ತೆಗೆದಿಟ್ಕೊಂಡ್ರೆ ಆಮೇಲೆ ರೆಕಾರ್ಡಲ್ಲಿ ಯಾರೂ ನಂಬರ್ ಹುಟ್ಟಿಸೋಕೆ ಆಗಲ್ಲ.

ಒಪ್ಪಿಗೆ ಅಂದ್ರೆ ಸಹಿ ಹಾಕಿಸ್ಕೊಳ್ಳೋದಲ್ಲ

ನೀವು ಇಂಟರ್ನಲ್ಸ್ ಮಾರ್ಕ್ಸ್ ಕೊಡೋರು, ಅವ್ರು ತಗೊಳ್ಳೋರು. ನೀವು "ಯಾರು ವಾಲಂಟಿಯರ್?" ಅಂದ್ರೆ ಮುಂದಿನ ಬೆಂಚಿನೋರು ಎದ್ದು ನಿಲ್ಲೋದು ಇಷ್ಟ ಇದ್ದಲ್ಲ, ನಿಮ್ಮ ಮುಖ ನೋಡಿ. ದೇಶದ ವೈದ್ಯಕೀಯ ಸಂಶೋಧನೆ ನೋಡ್ಕೊಳ್ಳೋ ಐಸಿಎಂಆರ್ 2017ರಲ್ಲಿ ಹೊರಡಿಸಿರೋ ಎಥಿಕ್ಸ್ ಗೈಡ್‌ಲೈನ್ಸಲ್ಲಿ ಹೀಗೆ ಕೈ ಕೆಳಗಿರೋರನ್ನ, ಸ್ಟೂಡೆಂಟ್ಸನ್ನೂ ಸೇರಿಸಿ, ಒತ್ತಡಕ್ಕೆ ಸುಲಭವಾಗಿ ಸಿಕ್ಕೋ ಗುಂಪು ಅಂತಾನೇ ನೋಡಿದಾರೆ. ಅದಕ್ಕೆ ನಾನು ಪ್ರತಿ ಲ್ಯಾಬಲ್ಲೂ ಎರಡು ಕೆಲಸ ಇಡ್ತೀನಿ, ಒಂದು ಸಬ್ಜೆಕ್ಟು, ಇನ್ನೊಂದು ಟೈಮ್ ಬರ್ಕೊಳ್ಳೋದು, ಎರಡಕ್ಕೂ ಅಷ್ಟೇ ಮಾರ್ಕ್ಸು. ಬೇಡ ಅನ್ನೋರು ಕಾರಣ ಹೇಳ್ಬೇಕಾಗಿಲ್ಲ, ವಾಚ್ ಹಿಡ್ಕೊಂಡ್ರೆ ಸಾಕು. ಮತ್ತೆ ಇನ್ನೊಂದು ಮಾತು, ಡಾಕ್ಟರ್ ಆಡ್ಬೇಡಿ. ಒಬ್ಬ ಹುಡುಗನ ಪಲ್ಸ್ 110 ಬಂತು ಅಂತ ಕ್ಲಾಸ್ ಮುಂದೆ "ಅಯ್ಯೋ ಏನಪ್ಪ ಇದು" ಅಂದ್ರೆ ಅವನು ರಾತ್ರಿ ಎಲ್ಲಾ ಮಲಗಲ್ಲ. ಆಮೇಲೆ ಪಕ್ಕಕ್ಕೆ ಕರೆದು ಇನ್ನೊಂದ್ಸಲ ಎಣಿಸಿ, ಆಗ್ಲೂ ಜಾಸ್ತಿ ಇದ್ರೆ ಡಾಕ್ಟರ್ ಹತ್ರ ಒಂದ್ಸಲ ತೋರಿಸು ಅನ್ನಿ, ಅಷ್ಟೇ.

ಮೊದಲ್ನೇ ಲ್ಯಾಬ್: ಖರ್ಚಿಲ್ದೇ ಇರೋದು

ಹೆದರಿರೋ ಬ್ಯಾಚಿಗೆ ಮೊದಲ ದಿನ ಯಾವ ಮೆಷಿನ್ನೂ ಬೇಡ. ಬೇಕಾಗಿರೋದು ಒಂದು ಜಮಖಾನ, ಒಂದು ಟೈಲರ್ ಟೇಪು, ಒಂದು ಮೊಬೈಲ್ ಸ್ಟಾಪ್‌ವಾಚು. ನರದಲ್ಲಿ ಸುದ್ದಿ ಎಷ್ಟು ಸ್ಪೀಡಲ್ಲಿ ಹೋಗುತ್ತೆ ಅನ್ನೋದನ್ನ ಕ್ಲಾಸಲ್ಲೇ ಅಳೀಬಹುದು. 1850ರಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆ ನರದಲ್ಲಿ ಇದನ್ನ ಅಳೆದು ಸೆಕೆಂಡಿಗೆ ಸುಮಾರು 30 ಮೀಟರ್ ಆಸುಪಾಸು ಅಂತ ತೋರಿಸ್ದಾಗ ಜನ ನಂಬೋಕೇ ರೆಡಿ ಇರ್ಲಿಲ್ಲ, ಅವರ ಗುರು ಯೋಹಾನೆಸ್ ಮುಲ್ಲರ್ ಅವರೇ ಇದನ್ನ ಅಳೆಯೋಕಾಗಲ್ಲ ಅಂದಿದ್ರು.

20 ಜನನ ರೌಂಡಾಗಿ ಜಮಖಾನದ ಮೇಲೆ ಕೂರ್ಸಿ. ಎಲ್ಲರೂ ಕಣ್ಣು ಮುಚ್ಕೊಂಡು ಪಕ್ಕದವರ ಭುಜದ ಮೇಲೆ ಬಲಗೈ ಇಡ್ಬೇಕು. ಮೊದಲ್ನೇ ಅವಳು ವಾಚ್ ಒತ್ತಿ ಪಕ್ಕದವಳ ಭುಜ ಹಿಚುಕ್ತಾಳೆ, ಅವಳಿಗೆ ಗೊತ್ತಾದ ತಕ್ಷಣ ಅವಳು ಮುಂದಿನವಳದ್ದು, ಹಾಗೇ ಸುತ್ತು ಹಾಕಿ ವಾಪಸ್ ಬಂದಾಗ ವಾಚ್ ನಿಲ್ಲಿಸೋದು. ಆಮೇಲೆ ಅದೇ ಆಟ, ಭುಜದ ಬದ್ಲು ಕಾಲಿನ ಹರಡು. ಕೈ ಕೆಲ್ಸ ಎರಡ್ರಲ್ಲೂ ಒಂದೇ, ಬೇರೆ ಆಗಿರೋದು ಸುದ್ದಿ ಮೆದುಳಿಗೆ ಬರೋ ದಾರಿ ಉದ್ದ ಮಾತ್ರ. ಹರಡಿಂದ ಭುಜಕ್ಕೆ ಟೇಪಲ್ಲಿ ಅಳೆದ್ರೆ ಸುಮಾರು 1.2 ಮೀಟರ್ ಬರುತ್ತೆ ಅಂದ್ಕೊಳ್ಳಿ. ಕಾಲಿನ ಸುತ್ತು ಭುಜದ ಸುತ್ತಿಗಿಂತ ಅರ್ಧ ಸೆಕೆಂಡ್ ಜಾಸ್ತಿ ಬಂತು ಅಂದ್ರೆ, 0.5ನ 20 ಜನಕ್ಕೆ ಭಾಗಿಸಿ, ತಲಾ 0.025 ಸೆಕೆಂಡ್. 1.2ನ 0.025ರಿಂದ ಭಾಗಿಸಿದ್ರೆ ಸೆಕೆಂಡಿಗೆ 48 ಮೀಟರ್. ಸ್ಪರ್ಶದ ದಪ್ಪ ನರಗಳಿಗೆ ಪುಸ್ತಕದಲ್ಲಿ 35ರಿಂದ 75 ಅಂತ ಇರುತ್ತೆ. ಬರೀ ಕೈ ಕಾಲು ಹಿಡ್ಕೊಂಡು ಇಷ್ಟು ಹತ್ರ ಬರೋದು ನೋಡಿ ಕಾಮರ್ಸ್ ಹುಡುಗರೂ ಕ್ಯಾಲ್ಕುಲೇಟರ್ ತೆಗೀತಾರೆ.

ಆದ್ರೆ ಮೊದಲ ಎರಡು ಮೂರು ಸುತ್ತು ಲೆಕ್ಕಕ್ಕೆ ಇಟ್ಕೊಳ್ಳಬೇಡಿ, ಪ್ರಾಕ್ಟೀಸಾಗ್ತಾ ಟೈಮ್ ತಾನಾಗೇ ಇಳಿಯುತ್ತೆ, ಭುಜ ಮೊದ್ಲು ಕಾಲು ಆಮೇಲೆ ಅಂತಾನೇ ಮಾಡಿದ್ರೆ ಆ ಇಳಿಕೆ ಕಾಲಿಗೆ ಲಾಭ ಆಗಿ ಲೆಕ್ಕ ಕೆಡುತ್ತೆ. ಒಂದ್ಸಲ ಅದು ಮೊದ್ಲು, ಒಂದ್ಸಲ ಇದು ಮೊದ್ಲು. ಸ್ನೇಹಿತರ ಪಕ್ಕ ಸ್ನೇಹಿತರನ್ನೇ ಕೂರ್ಸಿ, ಹುಡುಗ ಹುಡುಗಿ ಕಾಲು ಹಿಡ್ಕೊಳ್ಳೋದು ನಮ್ಮಲ್ಲಿ ಮುಜುಗರದ್ದೇ. ಇನ್ನೊಂದು ತಮಾಷೆ, ನನ್ನ ಮೊದಲ್ನೇ ಬ್ಯಾಚಲ್ಲಿ ಕಾಲಿನ ಸುತ್ತು ಎಷ್ಟು ಸಲ ಮಾಡಿದ್ರೂ ವಿಪರೀತ ಲೇಟು. ಹತ್ರ ಹೋಗಿ ಕೂತು ನೋಡಿದ್ರೆ ಒಬ್ಳು ಹುಡುಗಿ ಪಕ್ಕದವಳ ಕಾಲು ಮುಟ್ಟಿದ ಪ್ರತಿ ಸಲಾನೂ ಕೈ ತೆಗೆದು ಕಣ್ಣಿಗೊತ್ಕೊಂಡು ಆಮೇಲೆ ವಾಪಸ್ ಇಡ್ತಿದ್ಲು. "ಅಭ್ಯಾಸ ಮೇಡಂ, ಗೊತ್ತಿಲ್ದೇ ಆಗೋಗುತ್ತೆ." ಆವತ್ತು ರಿಫ್ಲೆಕ್ಸ್‌ಗೂ ಅಭ್ಯಾಸಕ್ಕೂ ವ್ಯತ್ಯಾಸ ಏನು ಅಂತ ಪಾಠ ಮಾಡೋಕೆ ಬೇರೆ ಉದಾಹರಣೆ ಹುಡುಕೋದು ಬೇಕಾಗ್ಲಿಲ್ಲ.

ಟೈಮ್ ಉಳಿದ್ರೆ ಸ್ಕೇಲ್ ಬೀಳಿಸೋದು ಮಾಡ್ಸಿ, ಒಬ್ಬರು ಬಿಟ್ಟ ಸ್ಕೇಲನ್ನ ಇನ್ನೊಬ್ಬರು ಬೆರಳಲ್ಲಿ ಹಿಡಿದು ರಿಯಾಕ್ಷನ್ ಟೈಮ್ ನೋಡೋದು, 15 ಸೆಂಟಿಮೀಟರಲ್ಲಿ ಹಿಡಿದ್ರೆ ಸುಮಾರು 0.175 ಸೆಕೆಂಡ್, 20ರಲ್ಲಿ ಹಿಡಿದ್ರೆ 0.2.

ಮೆದುಳಿನ ದಿನ

ಇದು ಎಲ್ಲಕ್ಕಿಂತ ಜಾಸ್ತಿ ತಯಾರಿ ಬೇಡೋ ಲ್ಯಾಬು. ಮೊದಲು ಪೇಪರ್ ಕೆಲಸ. ಜೂವಾಲಜಿ, ಲೈಫ್ ಸೈನ್ಸ್ ಕ್ಲಾಸುಗಳಲ್ಲಿ ಪ್ರಾಣಿ ಕೊಯ್ಯೋದನ್ನ ಯುಜಿಸಿ 2011ರಿಂದ ಕಮ್ಮಿ ಮಾಡ್ತಾ ಬಂದು 2014ರಲ್ಲಿ ನಿಲ್ಲಿಸಿ ಅಂತಾನೇ ಹೇಳಿದೆ. ಮಟನ್ ಅಂಗಡಿಯಿಂದ ತರೋ ಮೆದುಳು ನಿಮ್ಮ ಕ್ಲಾಸಿಗೋಸ್ಕರ ಸತ್ತ ಪ್ರಾಣಿದಲ್ಲ, ಅದು ಹೇಗೂ ಯಾರದ್ದೋ ಮನೇಲಿ ಭೇಜಾ ಫ್ರೈ ಆಗ್ತಿತ್ತು, ಆದ್ರೂ ಪ್ರಿನ್ಸಿಪಾಲ್ ಹತ್ರ ಬರವಣಿಗೇಲಿ ಒಪ್ಪಿಗೆ ತಗೊಳ್ಳಿ, ಬಾಯಿ ಮಾತು ಸಾಲ್ದು. ಸಸ್ಯಾಹಾರಿ ಹುಡುಗರಿಗೆ, ಬೇಡ ಅನ್ನೋರಿಗೆ ಬಲವಂತ ಇಲ್ಲ, ಅವ್ರು ಮೈದಾ ಹಿಟ್ಟಲ್ಲಿ ಬಣ್ಣ ಕಲಸಿ ಮಾಡೆಲ್ ಮಾಡ್ಲಿ. ನಿಜ ಹೇಳ್ಬೇಕು ಅಂದ್ರೆ ಹಿಟ್ಟಲ್ಲಿ ಮಾಡಿದೋರಿಗೇ ಹಿಪೊಕ್ಯಾಂಪಸ್ (ಹೊಸ ನೆನಪು ಕಟ್ಟೋಕೆ ಬೇಕಾದ ಭಾಗ) ಎಲ್ಲಿದೆ ಅಂತ ಜಾಸ್ತಿ ನೆನಪಿರುತ್ತೆ.

ಅಂಗಡಿಗೆ ಹಿಂದಿನ ದಿನಾನೇ ಹೇಳಿಡಿ. ನಾನು ಶಿವಾಜಿನಗರದ ಕಡೆ ಹೋಗಿದ್ದೆ. "ಫ್ರೈಗಾ ಮೇಡಂ?" ಅಂದ್ರು. "ಇಲ್ಲ ಭಾಯ್, ಕಾಲೇಜಿಗೆ, ಮಕ್ಳಿಗೆ ತೋರಿಸೋಕೆ." ಒಂದು ನಿಮಿಷ ನನ್ನೇ ನೋಡಿ "ಹಂಗಾದ್ರೆ ಚೆನ್ನಾಗಿರೋದು ಕೊಡ್ಬೇಕು" ಅಂದು ಕತ್ತಿ ಎತ್ತಿ ತಲೆ ಮಧ್ಯಕ್ಕೆ ಒಂದೇ ಏಟು, ಮೆದುಳು ಎರಡು ಹೋಳು. ಅವರ ತಪ್ಪಲ್ಲ, ಅಡುಗೆಗೆ ಹಾಗೇ ಕೊಡೋದು. ಅದಕ್ಕೆ ಮೊದಲೇ ಬಿಡಿಸಿ ಹೇಳಿ: ಇಡಿಯಾಗಿ ಬೇಕು, ಮಧ್ಯಕ್ಕೆ ಹೊಡೀಬೇಡಿ, ಸುತ್ತ ಬುರುಡೆ ಬಿಡಿಸಿ ನಿಧಾನಕ್ಕೆ ಎತ್ತಿ, ಹಿಂದ್ಗಡೆ ಬಾಲದ ತರ ಇರೋದನ್ನ ಕಿತ್ತಾಕ್ಬೇಡಿ. ಹೇಗೆ ಎತ್ತಿದ್ರೂ ಪಿಟ್ಯುಟರಿ ಗ್ರಂಥಿ ಸಾಮಾನ್ಯವಾಗಿ ಬುರುಡೆ ತಳದ ಗುಂಡಿಲೇ ಉಳ್ಕೊಂಡ್ಬಿಡುತ್ತೆ, ಕಣ್ಣಿನ ನರಗಳು ಅಡ್ಡ ಹಾಯೋ ಆಪ್ಟಿಕ್ ಕಯಾಸ್ಮಾನೂ ಹರಿದಿರ್ಬಹುದು, ಅದಕ್ಕೆ ಎರಡು ಮೂರು ಜಾಸ್ತಿ ತನ್ನಿ.

ಹಸಿ ಮೆದುಳು ಬೆಣ್ಣೆ ಇದ್ದಂಗೆ, ಕೈಯಲ್ಲೇ ಕಲಸೋಗುತ್ತೆ. ಗಟ್ಟಿ ಆಗ್ಬೇಕು ಅಂದ್ರೆ 10 ಪರ್ಸೆಂಟ್ ಫಾರ್ಮಲಿನಲ್ಲಿ ಒಂದೆರಡು ವಾರ ಇಡ್ಬೇಕು, ಆದ್ರೆ ಅದನ್ನ ಸೈಕಾಲಜಿ ಡಿಪಾರ್ಟ್‌ಮೆಂಟಿನ ಕಿಟಕಿ ಇಲ್ದಿರೋ ರೂಮಲ್ಲಿ ಮಾಡೋಕೆ ಹೋಗ್ಬೇಡಿ, ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರೋ ವಸ್ತುಗಳ ಪಟ್ಟೀಲಿರೋದು. ಜೂವಾಲಜಿಯೋರ ಹತ್ರ ಫ್ಯೂಮ್ ಹುಡ್ ಇರುತ್ತೆ, ಒಂದು ಕಾಫಿ ಕುಡಿಸಿ ಅವರಿಗೆ ಒಪ್ಪಿಸಿ. ಲ್ಯಾಬ್ ಹಿಂದಿನ ದಿನ ನೀರಲ್ಲಿ ಚೆನ್ನಾಗಿ ತೊಳೆದು ನೆನೆಸಿಡಿ, ಕಿಟಕಿ ತೆಗೀರಿ, ಎಲ್ಲರಿಗೂ ಗ್ಲೌಸು. ಫಾರ್ಮಲಿನ್ನೇ ಬೇಡ ಅಂದ್ರೆ ಹಸಿದನ್ನೇ ಸ್ವಲ್ಪ ಹೊತ್ತು ಫ್ರೀಜರಲ್ಲಿಟ್ಟು ಅರೆಗಟ್ಟಿ ಆದಾಗ ಕೊಯ್ದ್ರೂ ನಡಿಯುತ್ತೆ. ಆದ್ರೆ ಅವತ್ತೇ ಮುಗಿಸ್ಬೇಕು.

ಏನು ತೋರಿಸ್ಬೇಕು ಅನ್ನೋದನ್ನ ಐದಕ್ಕೇ ನಿಲ್ಲಿಸಿ. ನನ್ ಐದು: ಮುಂದ್ಗಡೆ ಇರೋ, ವಾಸನೆ ನೋಡ್ಕೊಳ್ಳೋ ಆಲ್‌ಫ್ಯಾಕ್ಟರಿ ಬಲ್ಬ್, ಎರಡು ಭಾಗನ ಅಗಲಿಸಿದಾಗ ಕಾಣೋ, ಅವೆರಡನ್ನ ಜೋಡಿಸೋ ಬಿಳಿ ಕಾರ್ಪಸ್ ಕಲೋಸಮ್, ಸೆರೆಬೆಲ್ಲಮ್ ಮೆಲ್ಲಗೆ ಕೆಳಗೆ ಬಗ್ಗಿಸಿದಾಗ ಕಾಣೋ ನಾಲ್ಕು ಪುಟ್ಟ ಉಬ್ಬು (ಕೊಲಿಕ್ಯುಲೈ), ಅದರ ಮೇಲೇ ಕಾಳಿನಷ್ಟಿರೋ ಪೀನಿಯಲ್ ಗ್ರಂಥಿ, ಆಮೇಲೆ ಕೊಯ್ದಾಗ ಬೂದು ಬಿಳಿ ಬೇರೆ ಬೇರೆ ಕಾಣೋದು. ಮೇಕೆ ಆಲ್‌ಫ್ಯಾಕ್ಟರಿ ಬಲ್ಬ್ ನೋಡಿ "ಇಷ್ಟ್ ದೊಡ್ದಾ!" ಅಂತ ಖಂಡಿತ ಯಾರೋ ಕೇಳ್ತಾರೆ, ಆಗ ಮೇಕೆ ಮೂಗಲ್ಲಿ ಬದುಕುತ್ತೆ, ನಾವು ಕಣ್ಣಲ್ಲಿ ಬದುಕ್ತೀವಿ ಅಂತ ಅಲ್ಲೇ ಹೇಳ್ಬಹುದು. ಡಾರ್ಸಲ್ (ಬೆನ್ನಿನ ಕಡೆ), ವೆಂಟ್ರಲ್ (ಹೊಟ್ಟೆ ಕಡೆ) ಗೊಂದಲ ಬಿಡಿಸೋಕೂ ಇದೇ ಒಳ್ಳೇ ಜಾಗ: ಮೇಕೆ ನಾಲ್ಕು ಕಾಲಲ್ಲಿ ನಿಂತಿದೆ, ಬೆನ್ನುಹುರಿ ಹಿಂದಕ್ಕೆ ಹೋಗುತ್ತೆ, ನಾವು ಎದ್ದು ನಿಂತಿದೀವಿ, ನಮ್ಮದು ಕೆಳಕ್ಕೆ ಬಗ್ಗಿದೆ. ಒಬ್ಬ ಹುಡುಗನ್ನ ಟೇಬಲ್ ಪಕ್ಕ ನಾಲ್ಕು ಕಾಲಲ್ಲಿ ನಿಲ್ಸಿ ತೋರಿಸ್ದೆ. ಆ ವರ್ಷ ವೈವಾಲಿ ಇದನ್ನ ಯಾರೂ ತಪ್ಪಿಸ್ಲಿಲ್ಲ.

ಮುಗಿದ್ಮೇಲೆ ಫಾರ್ಮಲಿನ್ ಹಾಕಿದ್ದನ್ನ ಹಸಿ ಕಸದ ಗಾಡಿಗೆ ಹಾಕ್ಬೇಡಿ, ಬೆಳಗ್ಗೆ ಅದನ್ನ ಬರಿಗೈಲಿ ಬೇರೆ ಮಾಡೋರು ಪೌರಕಾರ್ಮಿಕರು. ಜೂವಾಲಜಿಯೋರದ್ದು ಯಾವ ದಾರಿಲಿ ಹೋಗುತ್ತೋ ಅದೇ ದಾರಿಲಿ ಕಳಿಸಿ.

ಇನ್ನು ಮನುಷ್ಯರ ಮೆದುಳು. ಬೆಂಗಳೂರಲ್ಲಿರೋ ನಮ್ಗೆ ಇದೊಂದು ಪುಣ್ಯ, ಹೊಸೂರು ರೋಡಲ್ಲಿ ನಿಮ್ಹಾನ್ಸಿನ ಬ್ರೈನ್ ಮ್ಯೂಸಿಯಮ್ ಇದೆ. ಜನ ದಾನ ಕೊಟ್ಟಿರೋ ಮೆದುಳುಗಳು, ಸ್ಟ್ರೋಕ್ ಆಗಿರೋದು, ಗಡ್ಡೆ ಬೆಳೆದಿರೋದು, ಎಲ್ಲಾ ಜಾಡೀಲಿ ಇಟ್ಟಿದಾರೆ, ಗ್ಲೌಸ್ ಹಾಕ್ಕೊಂಡು ಒಂದನ್ನ ಕೈಯಲ್ಲಿ ಹಿಡಿಯೋಕೂ ಬಿಡ್ತಾರೆ. ಗ್ರೂಪ್ ಕರ್ಕೊಂಡು ಹೋಗೋದಾದ್ರೆ ಮೊದಲೇ ಫೋನ್ ಮಾಡಿ ದಿನ ಫಿಕ್ಸ್ ಮಾಡ್ಕೊಳ್ಳಿ. ಮೇಕೆ ಲ್ಯಾಬ್ ಆದ ಮುಂದಿನ ವಾರಾನೇ ಹೋಗಿ, ಮೊದಲಲ್ಲ. ಅಂಗೈಲಿ ಹಿಡಿಸೋ ಮೇಕೆ ಮೆದುಳು ನೋಡಿದ್ಮೇಲೆ ಒಂದೂಕಾಲು ಒಂದೂವರೆ ಕೆಜಿ ತೂಕ ಎರಡು ಕೈಗೆ ಬಿದ್ದಾಗ ಯಾರೂ ಮಾತಾಡಲ್ಲ, ಬಸ್ಸಲ್ಲಿ ಅಷ್ಟೊತ್ತು ಹಾಡು ಹೇಳ್ಕೊಂಡು ಬಂದೋರೂ.

ತಣ್ಣೀರು, ಹೃದಯ

ಮುಖನ ತಣ್ಣೀರಲ್ಲಿ ಮುಳುಗ್ಸಿ ಉಸಿರು ಹಿಡಿದ್ರೆ ಹೃದಯ ನಿಧಾನ ಆಗುತ್ತೆ, ಡೈವಿಂಗ್ ರಿಫ್ಲೆಕ್ಸ್ ಅಂತಾರೆ. ಹಣೆ, ಕಣ್ಣು, ಮೂಗಿನ ಸುತ್ತ ಚಳಿ ತಾಗಿದ್ದನ್ನ ಟ್ರೈಜೆಮಿನಲ್ ನರ ಮೆದುಳಕಾಂಡಕ್ಕೆ ಹೇಳುತ್ತೆ, ಅಲ್ಲಿಂದ ವೇಗಸ್ ನರ ಹೃದಯಕ್ಕೆ ಬ್ರೇಕ್ ಹಾಕುತ್ತೆ. ಹೀಗೆ ಮೈನ ನಿಧಾನ ಮಾಡೋ ನರಗಳ ಹೆಸರಾದ ಪ್ಯಾರಾಸಿಂಪಥೆಟಿಕ್ ಅನ್ನೋ ಪದನ ಬೋರ್ಡಲ್ಲಿ ಎಷ್ಟ್ ಸಲ ಬರೆದ್ರೂ ಆಗ್ದೇ ಇರೋದು ಇಲ್ಲಿ 30 ಸೆಕೆಂಡಲ್ಲಿ ಆಗುತ್ತೆ.

ಆದ್ರೆ ಟಬ್ ಐಡಿಯಾ ನಮ್ಮಲ್ಲಿ ನಡಿಯಲ್ಲ. ಕಾಡಿಗೆ, ಮೇಕಪ್ಪು, ಹಿಜಾಬು, ಲ್ಯಾಬ್ ಆದ್ಮೇಲೆ ಇನ್ನೊಂದು ಕ್ಲಾಸ್, ಒಂದೇ ನೀರಲ್ಲಿ ಎಲ್ಲರ ಮುಖ, ಯಾರೂ ಒಪ್ಪಲ್ಲ, ಒಪ್ಪೋದೂ ಬೇಡ. ಬದ್ಲಿಗೆ ಪ್ಲಾಸ್ಟಿಕ್ ಕವರಲ್ಲಿ ಐಸು ನೀರು ಹಾಕಿ ಗಂಟು ಕಟ್ಟಿ, ಒದ್ದೆ ಬಟ್ಟೆ ಸುತ್ತಿ ಹಣೆ ಕಣ್ಣು ಮುಚ್ಚೋ ಹಾಗಿಟ್ಟು ಉಸಿರು ಹಿಡೀಲಿ. ಐಸು ಕಾಲೇಜ್ ಎದುರಿನ ಜ್ಯೂಸ್ ಅಂಗಡೀಲಿ ಸಿಗುತ್ತೆ. ನಾಲ್ಕು ಕಂಡೀಷನ್ ಮಾಡ್ಸಿ: ಸುಮ್ನೆ ಕೂತಾಗ, ಬರೀ ಉಸಿರು ಹಿಡಿದಾಗ, ಉಸಿರು ಹಿಡಿದು ಸಾದಾ ನೀರಿನ ಕವರ್ ಇಟ್ಟಾಗ, ಉಸಿರು ಹಿಡಿದು ಐಸ್ ಕವರ್ ಇಟ್ಟಾಗ. ಮಧ್ಯದ ಎರಡನ್ನ ಬಿಟ್ರೆ ಇದು ಬರೀ ತಮಾಷೆ, ನಾಲ್ಕೂ ಇದ್ರೇ ಎಕ್ಸ್‌ಪೆರಿಮೆಂಟು.

ಕೋವಿಡ್ ಟೈಮಲ್ಲಿ ಎಲ್ಲರ ಮನೆಗೂ ಬಂದ ಆಕ್ಸಿಮೀಟರ್ ಇದೆಯಲ್ಲ, ಅದನ್ನ ಹುಡುಗರು ಉತ್ಸಾಹದಿಂದ ತರ್ತಾರೆ. ತರ್ಲಿ, ಆದ್ರೆ ಅದನ್ನೇ ನಂಬ್ಬೇಡಿ, ಅದು ಕೆಲವು ಸೆಕೆಂಡಿನ ಸರಾಸರಿ ತೋರ್ಸುತ್ತೆ, ಚಳಿಗೆ ಬೆರಳಿನ ರಕ್ತನಾಳ ಬಿಗಿದಾಗ ಸಿಗ್ನಲ್ಲೂ ಹೋಗುತ್ತೆ. ಜೊತೆಗಾರ ಮಣಿಕಟ್ಟಲ್ಲಿ ಬೆರಳಿಟ್ಟು ಕೊನೇ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸೋದೇ ಮೇಲು. ಹೃದಯದ ತೊಂದ್ರೆ, ಅಸ್ತಮಾ, ಫಿಟ್ಸ್, ಪ್ರೆಗ್ನೆನ್ಸಿ ಇರೋರು ಸಬ್ಜೆಕ್ಟ್ ಆಗೋದು ಬೇಡ, ಇದನ್ನ ಹಿಂದಿನ ವಾರಾನೇ ಹೇಳಿ, ಅವತ್ತು ಎಲ್ಲರ ಮುಂದೆ ಕೇಳ್ಬೇಡಿ. 30 ಸೆಕೆಂಡಿಗಿಂತ ಜಾಸ್ತಿ ಯಾರೂ ಉಸಿರು ಹಿಡಿಯೋ ಹಾಗಿಲ್ಲ, ಹುಡುಗರು ರೆಕಾರ್ಡ್ ಮಾಡೋಕೆ ನಿಲ್ತಾರೆ, ಗದರಿಸಿ.

ಬೆವರು ಓದೋ ಡಬ್ಬ

ಜಿಎಸ್‌ಆರ್ (ಗ್ಯಾಲ್ವಾನಿಕ್ ಸ್ಕಿನ್ ರೆಸ್ಪಾನ್ಸ್) ಅಂದ್ರೆ ಬೆರಳ ಬೆವರಿಂದ ಚರ್ಮದ ಕರೆಂಟ್ ಹರಿಸೋ ಶಕ್ತಿ ಎಷ್ಟು ಬದಲಾಗುತ್ತೆ ಅಂತ ನೋಡೋದು. ರೆಡಿಮೇಡ್ ಮೆಷಿನ್ನಿಗೆ ಕೊಟೇಶನ್ ತರಿಸಿದ್ರೆ ಮ್ಯಾನೇಜ್‌ಮೆಂಟ್ ಫೈಲ್ ವಾಪಸ್ ಬರಲ್ಲ. ಎಲೆಕ್ಟ್ರಾನಿಕ್ಸ್ ಸಾಮಾನು ಸಿಗೋ ಎಸ್‌ಪಿ ರೋಡಿಗೆ ಹೋಗಿ ಒಂದು ಆರ್ಡುಯಿನೋ (ಸೆನ್ಸರನ್ನ ಕಂಪ್ಯೂಟರಿಗೆ ಜೋಡಿಸೋ ಪುಟ್ಟ ಬೋರ್ಡು), ಒಂದು ಜಿಎಸ್‌ಆರ್ ಸೆನ್ಸರ್ ತಗೊಳ್ಳಿ, ಕಂಪ್ಯೂಟರ್ ಸೈನ್ಸ್ ಹುಡುಗರಲ್ಲಿ ಒಬ್ಬರು ಒಂದು ಮಧ್ಯಾಹ್ನದಲ್ಲಿ ಸ್ಕ್ರೀನ್ ಮೇಲೆ ಗೆರೆ ಬರ್ಸಿ ಕೊಡ್ತಾರೆ. ಸೈಕಾಲಜಿಯೋರಿಗ್ಯಾಕೆ ವೈರು ಅನ್ನೋರಿಗೆ ನಾನು ಹೇಳೋದು, ಮೈಸೂರಲ್ಲಿ ಸೈಕಾಲಜಿ ಪ್ರೊಫೆಸರ್ ಆಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೇಲೇ ಆಕಾಶವಾಣಿ ಅನ್ನೋ ಹೆಸರಿನ ರೇಡಿಯೋ ಸ್ಟೇಷನ್ ಶುರು ಮಾಡಿದೋರು, ನಾವು ಎರಡು ವೈರಿಗೆ ಹೆದರಿದ್ರೆ ಹೇಗೆ.

ಎರಡು ನಿಯಮ, ಇದ್ರಲ್ಲಿ ರಾಜಿ ಇಲ್ಲ. ಮೈಗೆ ಎಲೆಕ್ಟ್ರೋಡ್ ಹಚ್ಚಿರೋವಾಗ ಲ್ಯಾಪ್‌ಟಾಪ್ ಬ್ಯಾಟರೀಲೇ ಓಡ್ಬೇಕು, ಚಾರ್ಜರ್ ಪ್ಲಗ್ಗಿಂದ ಕಿತ್ತಿಟ್ಟಿರ್ಬೇಕು, ಇದು ಸೇಫ್ಟಿಗೆ. ಬೋನಸ್ ಅಂದ್ರೆ ನಮ್ಮ ಲೈನಿನ 50 ಹರ್ಟ್ಸ್ ಗಲಾಟೆನೂ ಕಮ್ಮಿ ಆಗುತ್ತೆ. ನಾನು ಒಂದಿಡೀ ಲ್ಯಾಬ್ ದಪ್ಪ ಗೆರೆ ನೋಡ್ತಾ ಸೆನ್ಸರ್ ಕೆಟ್ಟಿದೆ ಅಂತ ಬೈಕೊಂಡಿದ್ದೆ, ಕರೆಂಟ್ ಹೋಯ್ತು, ಗೆರೆ ಚೊಕ್ಕ ಆಯ್ತು. ಎರಡ್ನೇದು, ಲ್ಯಾಬಿಗೆ ಬರೋ ಮುಂಚೆ ಸೋಪಲ್ಲಿ ಕೈ ತೊಳೀಬೇಡಿ ಅಂತ ಹೇಳಿ, ಊಟ ಆದ್ಮೇಲಿನ ಲ್ಯಾಬಲ್ಲಿ ಇದೇ ದೊಡ್ಡ ತಲೆನೋವು, ಬರೀ ನೀರಲ್ಲಿ ತೊಳೆದು ಒರೆಸಿದ್ರೆ ಸಾಕು.

ಮಾಡ್ಸೋದು ಇಸ್ಪೀಟ್ ಆಟ. ಆರು ಎಲೆ ಇಡಿ, ಒಂದನ್ನ ನೀವೇ ತೆಗೆದಿಟ್ಕೊಳ್ಳಿ, ಉಳಿದ ಐದರಲ್ಲಿ ಒಂದನ್ನ ಸಬ್ಜೆಕ್ಟ್ ಮನಸಲ್ಲಿ ಇಟ್ಕೊಂಡು, ಪ್ರತಿ ಎಲೆ ತೋರ್ಸಿದಾಗ್ಲೂ "ಅಲ್ಲ" ಅನ್ಬೇಕು. ಎಲೆ ತೋರ್ಸಿ ಒಂದರಿಂದ ನಾಲ್ಕು ಸೆಕೆಂಡ್ ಒಳಗೆ ಗೆರೆ ಏಳುತ್ತೆ, ಎಷ್ಟು ಎದ್ದಿತು ಅಂತ ಬರ್ಕೊಳ್ಳಿ, ಮುಂದಿನದಕ್ಕೆ 20 ಸೆಕೆಂಡ್ ಕಾಯಿರಿ. ಗುಟ್ಟೇನು ಅಂದ್ರೆ ಮೊದಲ್ನೇ ಎಲೆಗೆ ಯಾವಾಗ್ಲೂ ದೊಡ್ಡದಾಗಿ ಏಳುತ್ತೆ, ಹೊಸದು ಅನ್ನೋ ಕಾರಣಕ್ಕೇ, ಸುಳ್ಳಿಗಲ್ಲ. ಅದಕ್ಕೇ ಆ ಆರನೇ ಎಲೆ, ಅದನ್ನ ಮೊದಲು ತೋರ್ಸಿ ಲೆಕ್ಕದಿಂದ ಬಿಡಿ. ಸುಮ್ನೆ ಊಹಿಸಿದ್ರೂ ಐದಕ್ಕೊಂದು ಸರಿ ಬರುತ್ತೆ, ನಿಮ್ಮ ಕ್ಲಾಸಿಗೆ ಎಷ್ಟು ಬಂತು ಬೋರ್ಡಲ್ಲಿ ನೋಡಿ. ಕೆಲವರದ್ದು ಏನ್ ಮಾಡಿದ್ರೂ ಏಳಲ್ಲ, ಅವರನ್ನ ಕಲ್ಲು ಹೃದಯ ಅಂತ ರೇಗಿಸೋಕೆ ಬಿಡ್ಬೇಡಿ.

ಇದಾದ್ಮೇಲೆ "ಮೇಡಂ ಇದೇ ಅಲ್ವಾ ಲೈ ಡಿಟೆಕ್ಟರ್ರು" ಅಂತ ಬರುತ್ತೆ. ಆಗ ಸೆಲ್ವಿ ವರ್ಸಸ್ ಸ್ಟೇಟ್ ಆಫ್ ಕರ್ನಾಟಕ ಕೇಸ್ ತೆಗೀರಿ. ನಾರ್ಕೋ, ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ ಇವನ್ನ ಒಪ್ಪಿಗೆ ಇಲ್ದೇ ಯಾರ ಮೇಲೂ ಮಾಡೋ ಹಾಗಿಲ್ಲ, ಅದು ಆರೋಪಿಯನ್ನ ತನ್ನ ವಿರುದ್ಧವೇ ಸಾಕ್ಷಿ ಹೇಳೋಕೆ ಬಲವಂತ ಮಾಡೋ ಹಾಗಿಲ್ಲ ಅನ್ನೋ ಸಂವಿಧಾನದ 20(3)ನೇ ವಿಧಿಗೆ ವಿರುದ್ಧ ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು. ಮೊದಲ ವಾರ ಸಹಿ ಹಾಕಿಸ್ಕೊಂಡ ಆ ಒಪ್ಪಿಗೆ ಫಾರ್ಮನ್ನ ಅವತ್ತು ಮತ್ತೆ ಕೈಗೆ ಕೊಟ್ಟೆ, ಮೊದಲ್ನೇ ಸಲ ಓದಿದ್ರು.

ಕಾಫಿ ಲ್ಯಾಬಲ್ಲಿ ನಾನು ಸೋತಿದ್ದು

ಕೆಫೀನ್ ಮೆದುಳಲ್ಲಿ ನಿದ್ದೆ ತರಿಸೋ ಅಡೆನೊಸಿನ್ ಬಂದು ಕೂರೋ ಜಾಗನ (ರಿಸೆಪ್ಟರ್) ಮುಚ್ಚುತ್ತೆ, ಅದಕ್ಕೇ ನಿದ್ದೆ ಓಡೋದು. ಬೆಂಗಳೂರಲ್ಲಿ ಇದಕ್ಕಿಂತ ಸುಲಭದ ಲ್ಯಾಬ್ ಇನ್ನೇನಿದೆ ಅಂದ್ಕೊಂಡಿದ್ದೆ. ಚಿಕೋರೀಲಿ ಕೆಫೀನ್ ಇಲ್ಲ, ಹಾಗಾಗಿ ಒಂದು ಫ್ಲಾಸ್ಕಲ್ಲಿ ಕಾಫಿ, ಇನ್ನೊಂದ್ರಲ್ಲಿ ಬರೀ ಚಿಕೋರಿ ಡಿಕಾಕ್ಷನ್, ಎರಡಕ್ಕೂ ಗಟ್ಟಿ ಹಾಲು ಸಕ್ಕರೆ, ಎ ಬಿ ಅಂತ ಸ್ಟಿಕ್ಕರು, ಯಾವುದು ಯಾವುದು ಅಂತ ನನ್ ಕೊಲೀಗಿಗೆ ಮಾತ್ರ ಗೊತ್ತು. ಡಬಲ್ ಬ್ಲೈಂಡು, ಪರ್ಫೆಕ್ಟು. ಮೊದಲ್ನೇ ಗುಟುಕಿಗೇ ಹಿಂದಿನ ಬೆಂಚಿಂದ "ಮೇಡಂ, ಇದು ಕಾಫಿನೇ ಅಲ್ಲ". ಹುಟ್ಟಿದಾಗ್ಲಿಂದ ಫಿಲ್ಟರ್ ಕಾಫಿ ಕುಡ್ದೋರ ನಾಲಿಗೆ ಮುಂದೆ ನನ್ ಡಿಸೈನ್ ಎರಡು ನಿಮಿಷ ನಿಲ್ಲಲಿಲ್ಲ.

ಈಗ ನಾನು ಮಾಡೋದು, ಇನ್‌ಸ್ಟಂಟ್ ಕಾಫಿ ಒಂದು, ಡಿಕ್ಯಾಫ್ (ಕೆಫೀನ್ ತೆಗೆದ) ಇನ್‌ಸ್ಟಂಟ್ ಒಂದು, ದೊಡ್ಡ ಸೂಪರ್‌ಮಾರ್ಕೆಟಲ್ಲಿ ಸಿಗುತ್ತೆ, ಎರಡಕ್ಕೂ ಸ್ವಲ್ಪ ಚಿಕೋರಿ ಡಿಕಾಕ್ಷನ್ ಬೆರೆಸಿ ರುಚಿ ಸಮ ಮಾಡೋದು. ಕೊನೇಲಿ ಎಲ್ಲರ ಹತ್ರಾನೂ "ನೀನು ಕುಡ್ದಿದ್ದು ಯಾವ್ದು ಅಂದ್ಕೊಂಡೆ?" ಅಂತ ಬರೆಸ್ಕೊಳ್ಳೋದು, ಯಾಕಂದ್ರೆ ಕಾಫಿ ಅಂದ್ಕೊಂಡಿದ್ದಕ್ಕೇ ಬೆರಳು ಚುರುಕಾಗಿದ್ರೆ ಅದೂ ಡೇಟಾನೇ. ಕುಡಿದು 45 ನಿಮಿಷ ಬಿಟ್ಟು ಪಲ್ಸ್, ಸ್ಕೇಲ್ ಬೀಳಿಸೋದು, 30 ಸೆಕೆಂಡಲ್ಲಿ ಎಷ್ಟು ಸಲ ಬೆರಳು ಬಡೀತಾರೆ ಅನ್ನೋದು, ಕುಡಿಯೋ ಮುಂಚೆ ಒಂದ್ಸಲ ಆಮೇಲೆ ಒಂದ್ಸಲ. ದಿನಾ ಎಷ್ಟು ಕಪ್ ಕುಡೀತಾರೆ ಅಂತಾನೂ ಕೇಳಿ. ದಿನಾ ಕುಡಿಯೋಳು ಬೆಳಗ್ಗೆಯಿಂದ ಬಿಟ್ಟು ಬಂದಿದ್ರೆ ಕಾಫಿ ಅವಳನ್ನ ಚುರುಕು ಮಾಡ್ತಾ ಇಲ್ಲ, ಬಿಟ್ಟಿದ್ದರ ಮಂಕು ತೆಗೀತಾ ಇದೆ ಅಷ್ಟೇ ಇರ್ಬಹುದು. ಕೆಫೀನ್ ಪುಡಿ ತಂದು ತೂಗಿ ಹಾಕೋ ಯೋಚ್ನೆ ಮಾತ್ರ ಬೇಡವೇ ಬೇಡ, ಒಂದು ಚಮಚ ತಪ್ಪಿದ್ರೆ ಜೀವಕ್ಕೇ ಅಪಾಯ. ಮತ್ತೆ ಇದನ್ನ ಬೆಳಗಿನ ಬ್ಯಾಚಿಗೇ ಇಡಿ, ಕೆಫೀನ್ ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು.

ಮಿರರ್ ಡ್ರಾಯಿಂಗ್ ಬೋರ್ಡ್ ಎಸೀಬೇಡಿ

ಬೀರುವಿನಲ್ಲಿದ್ದ ಆ ಬೋರ್ಡು ಕೆಲಸಕ್ಕೆ ಬರುತ್ತೆ. 1953ರಲ್ಲಿ ಫಿಟ್ಸಿಗೆ ಅಂತ ಆಪರೇಷನ್ ಮಾಡಿ ಎರಡೂ ಕಡೆ ಹಿಪೊಕ್ಯಾಂಪಸ್ ಭಾಗ ತೆಗೆದ ಎಚ್.ಎಂ. ಅನ್ನೋ ವ್ಯಕ್ತಿಗೆ ಸೈಕಾಲಜಿಸ್ಟ್ ಬ್ರೆಂಡಾ ಮಿಲ್ನರ್ ಕೊಟ್ಟಿದ್ದು ಇದೇ ಕನ್ನಡಿ ನಕ್ಷತ್ರ, ದಿನದಿಂದ ದಿನಕ್ಕೆ ಅವನ ಕೈ ಸುಧಾರಿಸ್ತು, ಆದ್ರೆ ಪ್ರತಿದಿನ ಅವನಿಗೆ ಅದು ಹೊಸದೇ. ಹುಡುಗರಿಗೆ ಒಂದು ದಿನ ಹತ್ತು ಸಲ ಬರೆಸಿ ಟೈಮ್, ತಪ್ಪು ಎಣಿಸಿ, ಮೂರು ವಾರ ಬಿಟ್ಟು ಹೇಳ್ದೇ ಕೇಳ್ದೇ ಎರಡು ಸಲ ಬರೆಸಿ. ಹನ್ನೊಂದನೇದು ಒಂದನೇದರ ತರ ಇರುತ್ತಾ ಹತ್ತನೇದರ ತರಾನಾ ಅಂತ ಮೊದಲೇ ಊಹಿಸೋಕೆ ಹೇಳಿ.

ಇಇಜಿ, ಅಂದ್ರೆ ತಲೆ ಮೇಲಿಂದ ಮೆದುಳಿನ ಕರೆಂಟಿನ ಅಲೆ ಹಿಡಿಯೋದು, ಅದ್ರ ಬಗ್ಗೆ ಎಲ್ಲರೂ ಕೇಳ್ತಾರೆ. ಸ್ಪೇರ್ ವಾರಕ್ಕೆ ಇಡಿ, ಅದ್ರಿಂದ ಶುರು ಮಾಡ್ಬೇಡಿ. ಈಗ ಚಿಕ್ಕ ಇಂಡಿಯನ್ ಬೋರ್ಡುಗಳು ಸಿಗ್ತವೆ, ಅದೇ ಆರ್ಡುಯಿನೋಗೇ ಹಾಕ್ಬಹುದು. ಬೇಕಾಗಿರೋದು ಒಂದೇ ನೋಟ, ಕಣ್ಣು ಮುಚ್ಚಿದಾಗ ತಲೆ ಹಿಂಭಾಗದಲ್ಲಿ 8ರಿಂದ 13 ಹರ್ಟ್ಸಿನ ಆಲ್ಫಾ ಅಲೆ ಏಳೋದು, ತೆಗೆದಾಗ ಬೀಳೋದು, ಹ್ಯಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದ್ದೂ ಈ ಅಲೆನೇ. ನಮ್ಮ ಶತ್ರು ಕೊಬ್ಬರಿ ಎಣ್ಣೆ. ಎಣ್ಣೆ ಹಚ್ಚಿದ ಕೂದಲ ಮೇಲೆ ಎಲೆಕ್ಟ್ರೋಡ್ ಯಾವ ಕಾರಣಕ್ಕೂ ಕೂರಲ್ಲ, ಹಿಂದಿನ ದಿನ ವಾಟ್ಸಾಪ್ ಗ್ರೂಪಲ್ಲಿ "ನಾಳೆ ತಲೆ ಸ್ನಾನ ಮಾಡ್ಕೊಂಡು ಬನ್ನಿ, ಎಣ್ಣೆ ಬೇಡ" ಅಂತ ಹಾಕಿ. ಅಮ್ಮಂದಿರಿಂದ ಫೋನ್ ಬರುತ್ತೆ, ಉತ್ತರ ರೆಡಿ ಇಟ್ಕೊಳ್ಳಿ.

ರೆಕಾರ್ಡು, ಆಮೇಲೆ ಹಿಂದಿನ ವಾರದ ಟ್ರಯಲ್

ರೆಕಾರ್ಡಲ್ಲಿ ಏಮ್, ಮೆಟೀರಿಯಲ್ಸ್, ಪ್ರೊಸೀಜರ್ ಎಲ್ಲಾ ಯೂನಿವರ್ಸಿಟಿ ಕೇಳಿದ ಹಾಗೇ ಇರ್ಲಿ, ಎಕ್ಸ್‌ಟರ್ನಲ್ ಎಕ್ಸಾಮಿನರ್ ಜೊತೆ ಜಗಳ ಬೇಡ. ಆದ್ರೆ ಒಂದು ಪುಟ ನೀವು ಸೇರ್ಸಿ: "ಇವತ್ತು ಏನು ಪ್ಲಾನ್ ಪ್ರಕಾರ ನಡೀಲಿಲ್ಲ". ನಾನು ಇದಕ್ಕೇ ಜಾಸ್ತಿ ಮಾರ್ಕ್ಸ್ ಕೊಡೋದು. ಐಸ್ ಕರಗೋಯ್ತು, ಪಕ್ಕದ ರೂಮಲ್ಲಿ ಡ್ಯಾನ್ಸ್ ಪ್ರಾಕ್ಟೀಸ್ ಇತ್ತು, ನಾನು ಎಣಿಸ್ತಾ ನಕ್ಕೆ, ಹೀಗೆ ಬರೆಯೋ ಹುಡುಗಿಗೆ ಎಕ್ಸ್‌ಪೆರಿಮೆಂಟ್ ಅರ್ಥ ಆಗಿದೆ. ಎಲ್ಲಾ ಸರಿಯಾಗಿ ನಡೀತು ಅಂತ ಬರೆದಿದ್ರೆ ಅವತ್ತು ಅವಳು ಕ್ಯಾಂಟೀನಲ್ಲಿದ್ಲು ಅಂತ ಅರ್ಥ.

ಮತ್ತೆ ಯಾವ ಲ್ಯಾಬನ್ನೂ ಕ್ಲಾಸಲ್ಲಿ ಮೊದಲ ಸಲ ಮಾಡ್ಬೇಡಿ. ಒಂದು ವಾರ ಮುಂಚೆ ನೀವು, ಅಟೆಂಡರ್ ಅಣ್ಣ, ಬಿಡುವಾಗಿರೋ ಒಬ್ರು ಕೊಲೀಗ್, ಮೂರು ಜನ ಕೂತು ಪೂರ್ತಿ ಮಾಡಿ, ವಾಚ್ ಹಿಡ್ದು. ನೀವು ಮೂರು ಜನಕ್ಕೆ 40 ನಿಮಿಷ ಆದ್ರೆ 40 ಜನಕ್ಕೆ ಎರಡು ಗಂಟೇಲಿ ಆಗಲ್ಲ, ಒಂದು ಕಂಡೀಷನ್ ಅವತ್ತೇ ಕತ್ತರಿಸಿ. ನಮ್ಮ ಅಟೆಂಡರ್ ಅಣ್ಣ ಐಸ್ ಕವರ್ ಹಣೆಗಿಟ್ಕೊಂಡು 30 ಸೆಕೆಂಡ್ ಉಸಿರು ಹಿಡಿದು ಕೂತ್ರು, ಪಲ್ಸ್ 76 ಇದ್ದದ್ದು 64ಕ್ಕೆ ಇಳೀತು. ಕವರ್ ತೆಗೆದು ಮುಖ ಒರೆಸ್ಕೊಂಡು "ಇನ್ನೊಂದ್ಸಲ ನೋಡಣ ಮೇಡಂ, ಈ ಸಲ ಸಾದಾ ನೀರು ಮೊದ್ಲು ಇಡಿ" ಅಂದ್ರು.